ಒಗೆಯೋ ಕಲ್ಲನ್ನು ಕೇಳಿ

ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿ ಗಮನಿಸಿ. ಅಲ್ಲಲ್ಲಿ ಹೊಲಗಳು ಸೀರೆ ಉಟ್ಟಿರುತ್ತವೆ. ಗಿಳಿಹಸಿರು, ರಾಣಿ, ಕನಕಾಂಬರ, ನವಿಲುನೀಲಿ. ಗೂಟದಿಂದ ಗೂಟಕ್ಕೆ ಜಗ್ಗಿ ಕಟ್ಟಿದ ಹಳೇ ಸೀರೆಗಳ ಬೇಲಿ ಮುಸುಕಿನ ಜೋಳವನ್ನೋ ಶುಂಠಿಯನ್ನೋ ಕಾಯುತ್ತಿರುತ್ತದೆ. ರಾತ್ರಿ ಹಂದಿ ಬಂದರೆ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಸೆರಗು ಕಂಡು, ಯಾರೋ ನಿಂತಿದ್ದಾರೆ ಅಂದುಕೊಂಡು ವಾಪಸು ಹೋಗುತ್ತದಂತೆ. ಆನೆಗೆ ಅಂಥ ದಾಕ್ಷಿಣ್ಯವೇನೂ ಇಲ್ಲ. ಅದರ ಮುಂದೆ ಕಾಂಜೀವರವೂ ಒಂದೇ, ಕೌದಿಯೂ ಒಂದೇ.

ಒಮ್ಮೆ ಗಾಡಿ ನಿಲ್ಲಿಸಿ ಅಂಥದೊಂದು ಬೇಲಿಯ ಉದ್ದಕ್ಕೂ ಕೈಯಾಡಿಸುತ್ತ ನಡೆದೆ. ಇಪ್ಪತ್ತಕ್ಕೂ ಹೆಚ್ಚು ಸೀರೆಗಳಿದ್ದವು. ಒಂದಾದರೂ ನೂಲಿನ ಸೀರೆ ಇರಲಿಲ್ಲ. ಹೊಲದ ಯಜಮಾನರು ನಕ್ಕರು: "ನೂಲಿನ ಸೀರೆ ಕಟ್ಟಿದ್ರೆ ಒಂದೇ ಮಳೆಗಾಲಕ್ಕೆ ಕೊಳ್ತು ಕೈಗ್ ಬತ್ತದೆ ಸಾರ್. ಇದು ಕಟ್ಟಿ ಮೂರು ವರ್ಷ ಆಯ್ತು. ಬಣ್ಣ ಹೋಗ್ಯದೆ ಅಷ್ಟೇ, ಬಟ್ಟೆ ಗಟ್ಟಿಯಾಗೇ ಅದೆ."

ಹಾಗಾದರೆ ನೂಲಿನ ಸೀರೆಗಳು ಎಲ್ಲಿಗೆ ಹೋದವು? ಅವು ಹೊಲದವರೆಗೆ ಬರುವುದೇ ಇಲ್ಲ. ಮೆತ್ತಗಾದ ನೂಲಿನ ಸೀರೆ ಮೊದಲು ಮಗುವಿನ ಜೋಲಿಯಾಗುತ್ತದೆ, ಬಾಣಂತಿಯ ತಲೆಗೆ ಸುತ್ತುವ ಬಟ್ಟೆಯಾಗುತ್ತದೆ, ಕೌದಿಯ ಒಳಪದರವಾಗುತ್ತದೆ, ಹಪ್ಪಳ ಒಣಗಿಸುವ ಹಾಸಾಗುತ್ತದೆ, ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ. ಕೊನೆಗೆ ನೆಲ ಒರೆಸಿ, ಚಿಂದಿಯಾಗಿ ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಸೀರೆಗೆ ಈ ಯಾವ ಮರುಹುಟ್ಟೂ ಇಲ್ಲ. ನೀರು ಹೀರದ ಬಟ್ಟೆಯಿಂದ ನೆಲ ಒರೆಸಿದರೆ ನೀರು ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ಅಷ್ಟೇ. ಹಾಗಾಗಿ ಅದು ಹೊಲ ಕಾಯುತ್ತದೆ.

ದಿನಬಳಕೆಗೆ ಯಾವ ಬಟ್ಟೆ ಒಳ್ಳೆಯದು, ಹತ್ತಿಯೋ ಸಿಂಥೆಟಿಕ್ಕೋ ಎಂದು ಯಾರಾದರೂ ಕೇಳಿದರೆ ನನಗೆ ಈ ಬೇಲಿ ನೆನಪಾಗುತ್ತದೆ. ಹತ್ತಿ ಒಳ್ಳೆಯದು ಅನ್ನುವುದು ಸುಲಭ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ತಮ್ಮ ಬಟ್ಟೆ ತಾವೇ ಒಗೆಯುವವರಲ್ಲ ಎಂಬುದೂ ನನ್ನ ಅನುಭವ. ನಾನೂ ಆ ಗುಂಪಿನವನೇ ಆಗಿದ್ದೆ. ಹಾಸನದಲ್ಲಿ ಒಂಟಿಯಾಗಿ ರೂಮು ಮಾಡಿಕೊಂಡು, ಆಷಾಢದ ಸೋನೆಯಲ್ಲಿ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿದ ಕಾಟನ್ ಪ್ಯಾಂಟನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಲು ಹೋಗಿ ಕೈ ಸುಟ್ಟುಕೊಂಡ ಮೇಲೆ ಅಭಿಪ್ರಾಯ ಸ್ವಲ್ಪ ಸಡಿಲವಾಯಿತು.

ನಾನು ಬೆಳೆದದ್ದು ಹೊಳೆನರಸೀಪುರದಲ್ಲಿ. ಹೇಮಾವತಿ ಕೂಗಳತೆಯ ದೂರ. ಮನೆಯ ಹೆಂಗಸರು ಬಟ್ಟೆಯ ಗಂಟು ಸೊಂಟಕ್ಕಿಟ್ಟುಕೊಂಡು ಹೊಳೆಗೆ ಹೋಗುತ್ತಿದ್ದ ಕಾಲದ ಕೊನೆಯ ತುಣುಕನ್ನು ನಾನು ಕಂಡಿದ್ದೇನೆ. ಒಣಗಿದಾಗ ಹಗುರವಾಗಿರುವ ನೂಲಿನ ಸೀರೆ ನೆಂದರೆ ಎಷ್ಟು ಭಾರವೆಂಬುದು ಅದನ್ನು ಹಿಂಡಿದವರಿಗೇ ಗೊತ್ತು. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಬೇಕು. ಬಿಳಿ ಪಂಚೆಗಳ ಗತಿ ಇನ್ನೂ ಕಷ್ಟ: ಬಾರ್ ಸೋಪು ಹಚ್ಚಿ ಕುಕ್ಕಿ, ನೀಲಿ ಅದ್ದಿ, ಗಂಜಿ ಹಾಕಿ, ಒಣಗಿಸಿ, ಮತ್ತೆ ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ. ಗಂಡಸು ಆ ಪಂಚೆ ಉಟ್ಟು ಒಂದು ಸಲ ಪೇಟೆಗೆ ಹೋಗಿ ಬಂದರೆ ಮುಗಿಯಿತು, ಮತ್ತೆ ಮೊದಲಿನಿಂದ.

ಆ ಕಲ್ಲಿನ ಮೇಲೆ ಒಂದು ದಿನ ಟೆರಿಲಿನ್ ಬಂದು ಬಿತ್ತು. ಎರಡು ಸಲ ಕುಸುಬಿದರೆ ಕೊಳೆ ಬಿಡುತ್ತದೆ, ಕೊಡವಿ ಹರವಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ. ನಮ್ಮ ಸೋದರತ್ತೆ ಈಗಲೂ ಹೇಳುತ್ತಾರೆ: "ನಿಮ್ಮ ಮಾವನಿಗೆ ಟೆರಿಕಾಟ್ ಶರ್ಟ್ ಹೊಲಿಸಿದ ವರ್ಷ ನನ್ನ ರಟ್ಟೆ ನೋವು ಹೋಯ್ತು ಕಣೋ." ಸಿಂಥೆಟಿಕ್ ಬಟ್ಟೆಯ ಪರವಾಗಿ ನಾನು ಕೇಳಿದ ಅತ್ಯುತ್ತಮ ವಾದ ಇದು. ಆ ಕಾಲದ ಮದುವೆ ಮಾತುಕತೆಯಲ್ಲಿ ಅಳಿಯನಿಗೆ ವಾಚಿನ ಜೊತೆ ಟೆರಿಲಿನ್ ಶರ್ಟು, ಟೆರಿವುಲ್ ಪ್ಯಾಂಟು ಕೊಡಿಸುವುದೂ ಇರುತ್ತಿತ್ತು. ಹತ್ತಿ ಬಟ್ಟೆ ಬಡವರದು, ಮಿಂಚುವ ಬಟ್ಟೆ ಇದ್ದವರದು. ಈಗ ಲೆಕ್ಕ ತಿರುವುಮುರುವಾಗಿದೆ. ಶುದ್ಧ ಹತ್ತಿಯ ಕುರ್ತಾ, ಕೈಮಗ್ಗದ ಸೀರೆ ಉಳ್ಳವರ ಕಪಾಟಿನಲ್ಲಿವೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವುದು ಪಾಲಿಯೆಸ್ಟರ್.

ಟೆರಿಲಿನ್ನಿನ ಹುಟ್ಟಿನಲ್ಲೊಂದು ತಮಾಷೆಯಿದೆ. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಯ ವಿರುದ್ಧ ಈ ದೇಶ ಚರಕ ತಿರುಗಿಸಿತಷ್ಟೆ. 1941ರಲ್ಲಿ ಟೆರಿಲಿನ್ ಎಂಬ ಈ ಪಾಲಿಯೆಸ್ಟರ್ ಎಳೆಯನ್ನು ಮೊದಲು ತೆಗೆದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕೆಲಸ ಮಾಡುತ್ತಿದ್ದದ್ದು ಅದೇ ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಕಂಪನಿಯಲ್ಲಿ. ಮುಂಬಾಗಿಲಿನಿಂದ ಓಡಿಸಿದ ಮ್ಯಾಂಚೆಸ್ಟರು ಹಿತ್ತಿಲಿನಿಂದ ಒಳಗೆ ಬಂತು. ನಮ್ಮಲ್ಲಿ ಬಹಳ ಕಾಲ ಅದನ್ನು ಶೋಕಿಯ ವಸ್ತುವೆಂದು ಪರಿಗಣಿಸಿ ಸರಕಾರ ಭಾರೀ ಸುಂಕ ಹಾಕುತ್ತಿತ್ತು. 1982ರಲ್ಲಿ ಮಹಾರಾಷ್ಟ್ರದ ಪಾತಾಳಗಂಗಾದಲ್ಲಿ ರಿಲಯನ್ಸ್ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ತೆರೆಯಿತು. 1985ರ ಜವಳಿ ನೀತಿ ಕೃತಕ ನೂಲಿನ ಮೇಲಿದ್ದ ಬಿಗಿಯನ್ನು ಸಡಿಲಿಸಿತು. ಈಗ ಪ್ರಪಂಚದಲ್ಲಿ ತಯಾರಾಗುವ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್ ಒಂದೇ.

ನಮ್ಮ ಹಾಸನ ಜಿಲ್ಲೆಯವರೇ ಆದ ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ಗಾಂಧಿಯ ದಾರಿ ಹಿಡಿದವರು. ಖಾದಿ ಅಂದರೆ ಅವರ ತಲೆಮಾರಿಗೆ ಬಟ್ಟೆಯಷ್ಟೇ ಅಲ್ಲ, ಬದುಕಿನ ರೀತಿ. ಆ ತಲೆಮಾರಿನ ಮೇಲೆ ನನಗೆ ಗೌರವವಿದೆ. ಆದರೂ ಒಂದು ತಕರಾರು ಉಳಿದಿದೆ. ಖಾದಿಯ ಮಾತಾಡಿದವರು ನೂತವರು ಯಾರು, ನೇಯ್ದವರು ಯಾರು ಎಂದು ಕೇಳಿದರು. ಒಗೆಯುವವರು ಯಾರು ಎಂದು ಕೇಳಲಿಲ್ಲ. ಆಶ್ರಮದಲ್ಲಿ ತಮ್ಮ ಬಟ್ಟೆ ತಾವೇ ಒಗೆದುಕೊಂಡರು, ನಿಜ. ಆದರೆ ಆ ವ್ರತ ಮನೆಗೆ ಬರುವ ಹೊತ್ತಿಗೆ ಖಾದಿ ಉಡುವುದು ಯಜಮಾನರ ಪಾಲಿಗೆ, ಅದನ್ನು ಕುಕ್ಕುವುದು ಮನೆಯಾಕೆಯ ಪಾಲಿಗೆ ಹಂಚಿಹೋಗಿತ್ತು. ಟೆರಿಲಿನ್ ಗೆದ್ದದ್ದು ಮಿಂಚಿನಿಂದಲ್ಲ, ಈ ಸಂದಿಯಲ್ಲಿ ನುಗ್ಗಿ.

ಹಾಗಂತ ಟೆರಿಲಿನ್ ತೊಟ್ಟ ಮೈಯ ಮಾತನ್ನೂ ಕೇಳಬೇಕಲ್ಲ. ಒಗೆಯುವುದನ್ನು ಸುಲಭ ಮಾಡಿದ ಅದೇ ಗುಣ ತೊಡುವುದನ್ನು ಕಷ್ಟ ಮಾಡುತ್ತದೆ. ನಾರು ತಜ್ಞರು ಒಂದು ಅಳತೆ ಬಳಸುತ್ತಾರೆ: ಸಾಧಾರಣ ಗಾಳಿಯಲ್ಲಿ ಇಟ್ಟ ನಾರು ತನ್ನ ಒಣತೂಕದ ನೂರರಲ್ಲಿ ಎಷ್ಟು ಪಾಲು ತೇವ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು. ಉಣ್ಣೆ ಸುಮಾರು 16, ರೇಷ್ಮೆ 11, ಹತ್ತಿ 8ರಿಂದ 8.5, ನೈಲಾನ್ 4. ಪಾಲಿಯೆಸ್ಟರ್ ಬರೀ 0.4. ಹತ್ತಿ ಒಣಗಲು ಯಾಕೆ ಅಷ್ಟು ಸತಾಯಿಸುತ್ತದೆ, ಪಾಲಿಯೆಸ್ಟರ್ ಯಾಕೆ ಕೊಡವಿದರೆ ಒಣಗುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೈಬೆವರು ಹತ್ತಿಯ ಎಳೆಯೊಳಗೆ ಇಳಿಯುತ್ತದೆ. ಸಾದಾ ಪಾಲಿಯೆಸ್ಟರಿನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಚರ್ಮಕ್ಕೂ ಬಟ್ಟೆಗೂ ನಡುವೆ ನಿಂತು ಅಂಟುತ್ತದೆ. ಆಟಗಾರರ ಜೆರ್ಸಿ ಕೂಡ ಪಾಲಿಯೆಸ್ಟರೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದರ ಹೆಣಿಗೆಯಲ್ಲಿ ಬೆವರನ್ನು ಹೊರಮೈಗೆ ಸಾಗಿಸುವ ಸಣ್ಣ ಸಣ್ಣ ದಾರಿಗಳನ್ನು ಮಾಡಿರುತ್ತಾರೆ. ಸಂತೆಯ ಶರ್ಟಿನಲ್ಲಿ ಆ ಉಪಚಾರ ಇರುವುದಿಲ್ಲ.

ವಾಸನೆಯ ವಿಷಯವೂ ಇದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 26 ಮಂದಿಗೆ ಟೀ ಶರ್ಟು ತೊಡಿಸಿ, ಬೆವರಿಳಿಯುವಂತೆ ಸೈಕಲ್ ತುಳಿಸಿ, ಆ ಶರ್ಟುಗಳನ್ನು ಒಂದು ದಿನಕ್ಕಿಂತ ಹೆಚ್ಚು ಕಟ್ಟಿಟ್ಟು ಆಮೇಲೆ ಮೂಸಿ ನೋಡಿದರು. ಪಾಪ, ವಿಜ್ಞಾನಕ್ಕಾಗಿ ಏನೇನು ಮಾಡಬೇಕು. 2014ರಲ್ಲಿ ಪ್ರಕಟವಾದ ಅವರ ಫಲಿತಾಂಶ ನಮ್ಮ ಬಸ್ಸುಗಳಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವುದೇ: ಪಾಲಿಯೆಸ್ಟರ್ ಹೆಚ್ಚು ನಾರುತ್ತದೆ. ದುರ್ವಾಸನೆ ಹುಟ್ಟಿಸುವ ಮೈಕ್ರೋಕಾಕಸ್ ಎಂಬ ಸೂಕ್ಷ್ಮಾಣುಗಳು ಅದರ ಮೇಲೆ ಚೆನ್ನಾಗಿ ಬೆಳೆಯುತ್ತವೆಯಂತೆ. ಆಶ್ವೀಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರು ಈ ಪ್ರಯೋಗಕ್ಕೆ ಬೆಲ್ಜಿಯಂವರೆಗೆ ಹೋಗಬೇಕಾಗಿಲ್ಲ. ಹಬ್ಬಕ್ಕೆಂದು ಕೊಂಡ ಹೊಸ ಜಾರ್ಜೆಟ್ ಸೀರೆಯನ್ನು ಆ ಸಾಲಿಗೆ ಉಟ್ಟುಕೊಂಡು ಹೋಗುವುದು ತಾಯಿಗೆ ಹೊತ್ತ ಹರಕೆಯ ಭಾಗವೇ ಇರಬೇಕು.

ಬಟ್ಟೆಯ ಮಾತು ಬಂದಾಗ ನಾವು ಊರಿನ ಹವೆಯನ್ನು ಮರೆತೇಬಿಡುತ್ತೇವೆ. ಹಾಸನ ಸಮುದ್ರಮಟ್ಟಕ್ಕಿಂತ 3,000 ಅಡಿಗೂ ಮೇಲಿದೆ, ಬಡವರ ಊಟಿ ಎಂಬ ಹೆಸರೂ ಉಂಟು. ಅರಕಲಗೂಡಿನ ಪಶ್ಚಿಮದ ಹಳ್ಳಿಗಳಿಗೆ ಕೊಡಗಿನ ಮಳೆಯ ಸೆರಗು ತಾಗುತ್ತದೆ. ಚನ್ನರಾಯಪಟ್ಟಣ ದಾಟಿದರೆ ತೆಂಗು, ಒಣಗಾಳಿ, ಬಿಸಿಲು. ಒಂದೇ ಜಿಲ್ಲೆಯ ಎರಡು ತುದಿಗೆ ಒಂದೇ ಬಟ್ಟೆ ಸರಿಹೋಗುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಹತ್ತಿ ಬಟ್ಟೆ ಬೆಳಿಗ್ಗೆ ಹರವಿದರೆ ಮಧ್ಯಾಹ್ನಕ್ಕೆ ಮಡಚಬಹುದು. ಅಲ್ಲಿ ಪಾಲಿಯೆಸ್ಟರ್ ತೊಡಲು ಕಾರಣವೇ ಇಲ್ಲ. ಅತ್ತ ಅರಕಲಗೂಡಿನ ಕಡೆ ಮಳೆಗಾಲದ ಕೊಣನೂರಿನಲ್ಲಿ ಹತ್ತಿಯೇ ಬೇಕೆಂದು ಹಟ ಹಿಡಿದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕಾಗುತ್ತದೆ. ಅಂದಹಾಗೆ ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟ ಸಾವಿರ ವರ್ಷದಿಂದ ಬಿಸಿಲು ಮಳೆಗೆ ಬತ್ತಲೆ ನಿಂತಿದ್ದಾನೆ. ಬಟ್ಟೆಯ ಆಯ್ಕೆಯನ್ನು ಬಿಟ್ಟವನೊಬ್ಬ, ಆರಿಸಲಾರದೆ ಅಂಗಡಿಯಿಂದ ಅಂಗಡಿಗೆ ಅಲೆಯುವವರು ನಾವು.

ಮಳೆಗೆ ಹೊದೆಯುವ ಕೊಪ್ಪೆಯ ಕತೆಯೊಂದೇ ಸಾಕು, ಇಡೀ ಸಂಗತಿ ಬಿಡಿಸಿ ಹೇಳುತ್ತದೆ. ನಾಟಿಯ ಗದ್ದೆಯಲ್ಲಿ ಮೊದಲು ಇದ್ದದ್ದು ಕಂಬಳಿ ಕೊಪ್ಪೆ. ಕುರಿಯ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಒಳಗಿನ ಮೈಗೆ ತಣ್ಣಗೆ ತಾಗುವುದಿಲ್ಲ, ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಹಾಸನ ಎಂಬ ಹೆಸರಿನದೇ ಒಂದು ಕುರಿ ತಳಿ ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿದೆ. ಬಿಳಿ ಮೈ, ಅಲ್ಲಲ್ಲಿ ಕಂದು ಕಪ್ಪು ಚುಕ್ಕೆ, ಒರಟು ಉಣ್ಣೆ. ಅದರ ಹೆಸರು ಹಾಸನದವರಿಗೇ ಗೊತ್ತಿಲ್ಲ. ಕುರಿ ಅಂದರೆ ನಮ್ಮವರ ಬಾಯಲ್ಲಿ ಬನ್ನೂರಿನದು, ಅದೂ ಬಾಡೂಟಕ್ಕೆ. ಕಂಬಳಿ ದುಬಾರಿಯಾದಾಗ ಗೋಣಿಚೀಲದ ಕೊಪ್ಪೆ ಬಂತು. ಗೋಣಿ ಎಂದರೆ ಸೆಣಬು, ಅದೂ ಗಿಡದ್ದೇ. ಆದರೆ ನೆಂದರೆ ಭಾರ, ಕುತ್ತಿಗೆಗೆ ಕೆರೆತ. ಆಮೇಲೆ ಗೊಬ್ಬರದ ಚೀಲ ಪ್ಲಾಸ್ಟಿಕ್ಕಾಯಿತು, ಕೊಪ್ಪೆಯೂ ಪ್ಲಾಸ್ಟಿಕ್ಕಾಯಿತು. ಹಗುರ, ನೀರು ಇಳಿದುಹೋಗುತ್ತದೆ, ಕಾಸು ಕೊಡಬೇಕಾಗಿಲ್ಲ. ಬಗ್ಗಿ ನಾಟಿ ಹಾಕುವ ಹೆಂಗಸಿಗೆ ಕಂಬಳಿಯ ಮಹಿಮೆ ಹೇಳಲು ಹೋಗಬೇಡಿ. ಹೊರಗಿನ ನೀರು ತಡೆಯುವ ಕೆಲಸದಲ್ಲಿ ಪ್ಲಾಸ್ಟಿಕ್ ಗೆದ್ದಿದೆ, ಅದು ನ್ಯಾಯವಾದ ಗೆಲುವೇ.

ಅನ್ಯಾಯದ ಗೆಲುವೂ ಇದೆ, ಸ್ವೆಟರಿನಲ್ಲಿ. ಕಾರ್ತಿಕ ಬಂತೆಂದರೆ ರಸ್ತೆಬದಿಯಲ್ಲಿ ಸ್ವೆಟರ್ ಅಂಗಡಿಗಳು ಏಳುತ್ತವೆ. ಎಲ್ಲವನ್ನೂ ನಾವು ಉಣ್ಣೆ ಬಟ್ಟೆ ಅನ್ನುತ್ತೇವೆ. ಬಹುಪಾಲು ಅಕ್ರಿಲಿಕ್, ಪೆಟ್ರೋಲಿಯಂನಿಂದ ಬಂದದ್ದು. ಉಣ್ಣೆಗೂ ಎಣ್ಣೆಗೂ ಒಂದಕ್ಷರದ ಅಂತರ, ಕೊಳ್ಳುವವರು ಅದನ್ನು ಓದುವುದಿಲ್ಲ.

ನಮ್ಮಜ್ಜಿ ಈ ವಿಚಾರದಲ್ಲಿ ನಮಗಿಂತ ಸೂಕ್ಷ್ಮ. ಅವರ ಪ್ರಪಂಚದಲ್ಲಿ ಬಟ್ಟೆಗೆ ಎರಡೇ ಜಾತಿ: ಮಡಿಗೆ ಆಗುವುದು, ಆಗದ್ದು. ರೇಷ್ಮೆ ಮತ್ತು ಉಣ್ಣೆಯ ಧಾಬಳಿ ದಿನಾ ಒಗೆಯದಿದ್ದರೂ ಮಡಿ. ನೂಲಿನದಾದರೆ ಅಂದಂದೇ ಒಗೆದು, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಕೋಲಿನಿಂದ ಹರವಿರಬೇಕು. ಇದರ ಹಿಂದಿನ ಜಾತಿಯ ಲೆಕ್ಕಾಚಾರವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬೆವರು ಹೀರಿದ ನೂಲಿನ ಬಟ್ಟೆಯನ್ನು ದಿನವೂ ಒಗೆಯಬೇಕು, ಉಣ್ಣೆಯನ್ನು ಗಾಳಿಗೆ ಹಾಕಿದರೆ ಸಾಕು ಎಂಬ ಅನುಭವ ಆ ನಿಯಮದ ಹೊಟ್ಟೆಯಲ್ಲಿತ್ತು. ಸೊಸೆ ತಂದ ನೈಲೆಕ್ಸ್ ಸೀರೆಯನ್ನು ಅಜ್ಜಿ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, "ಇದು ಯಾವ ಗಿಡದ್ದೇ?" ಅಂದರಂತೆ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮಡಿಗೆ ಬರಲಿಲ್ಲ.

ಗಿಡದ್ದು ಎಂಬ ಉತ್ತರ ಬಂದರೂ ನಿಶ್ಚಿಂತರಾಗುವ ಹಾಗಿಲ್ಲ. ಈಗ ಅಂಗಡಿಗಳಲ್ಲಿ ಎಲ್ಲೆಲ್ಲೂ ರೇಯಾನ್ ಕುರ್ತಾ, ವಿಸ್ಕೋಸ್ ನೈಟಿ. "ಕಾಟನ್ ಥರಾನೇ ಮೇಡಂ, ಇನ್ನೂ ಸಾಫ್ಟು" ಅನ್ನುತ್ತಾರೆ. ತಪ್ಪೇನಿಲ್ಲ, ಅದು ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ, ಬೇಸಗೆಗೆ ಹಿತ. ನೆಂದಾಗ ಮಾತ್ರ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಕುಕ್ಕಿದರೆ ಬೇಗ ಜೂಲು ಬಿಡುತ್ತದೆ. ಅದರ ಮೂಲ ಮರ. ಮರವನ್ನು ತಿರುಳು ಮಾಡಿ, ರಾಸಾಯನಿಕದಲ್ಲಿ ಕರಗಿಸಿ, ಎಳೆಯಾಗಿ ಎಳೆಯುತ್ತಾರೆ. ಬಿದಿರಿನ ಬಟ್ಟೆ ಎಂದು ಹೆಚ್ಚು ಬೆಲೆಗೆ ಮಾರುವುದೂ ಬಹುಪಾಲು ಇದೇ.

ಈ ಮೆತ್ತನೆಯ ಎಳೆಯ ಹಿಂದೆ ಕರ್ನಾಟಕದ್ದೇ ಒಂದು ಗಡುಸಾದ ಇತಿಹಾಸವಿದೆ. ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ 1970ರ ದಶಕದಲ್ಲಿ ಗ್ರಾಸಿಮ್ ಕಂಪನಿಯ ಹರಿಹರ ಪಾಲಿಫೈಬರ್ಸ್ ತಿರುಳಿನ ಕಾರ್ಖಾನೆಯೂ ಅದರ ಜೊತೆಗೆ ವಿಸ್ಕೋಸ್ ನಾರಿನ ಘಟಕವೂ ಬಂದವು. ಕಾರ್ಖಾನೆಗೆ ನೀಲಗಿರಿ ಮರ ಬೇಕು. ಅದಕ್ಕಾಗಿ 1984ರಲ್ಲಿ ಸರಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿದವು. ಸುಮಾರು 75,000 ಎಕರೆ ಸರಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಉದ್ದೇಶ. ಆ ಜಮೀನು ಕಾಗದದಲ್ಲಿ ಸರಕಾರದ್ದು, ನೆಲದಲ್ಲಿ ಹಳ್ಳಿಗಳ ಗೋಮಾಳ: ದನ ಮೇಯುತ್ತಿದ್ದದ್ದು, ಹುಲ್ಲು ಸೌದೆ ಸಿಗುತ್ತಿದ್ದದ್ದು ಅಲ್ಲಿ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದೇ ಅದು ಹೆಸರಾಯಿತು. ಮುಂದೆ ನಿಂತದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಬೇಕಾಯಿತು. ತುಂಗಭದ್ರೆಗೆ ಬಿಡುತ್ತಿದ್ದ ಕಾರ್ಖಾನೆಯ ನೀರಿನ ವಿರುದ್ಧದ ಹೋರಾಟ ಬೇರೆಯೇ ಒಂದು ಅಧ್ಯಾಯ. ನೈಟಿಯೊಂದು ಮರದಿಂದ ಬಂದಿದೆ ಅಂದಾಗ ಆ ಮರ ಯಾರ ಗೋಮಾಳದಲ್ಲಿ ಬೆಳೆದದ್ದು ಎಂದು ಕೇಳುವುದನ್ನು ಕಲಿಸಿದ್ದು ಕುಸನೂರಿನವರು.

ಹತ್ತಿಯದೂ ಹಾಗೆ ನೋಡಿದರೆ ತೊಳೆದ ಕೈಯೇನಲ್ಲ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಖರ್ಚಾಗಿರುತ್ತದೆ. ಬೂದಿ, ಸುಣ್ಣ, ಬೇವು ಸಾಕಾಗದೆ ಕೀಟನಾಶಕದ ಡಬ್ಬಗಳು ಸಾಲುಗಟ್ಟುವ ಬೆಳೆ ಅದು. ಆದರೆ ಸಿಂಥೆಟಿಕ್ಕಿನ ಪಾಪ ಕೊಂಡ ದಿನಕ್ಕೆ ಮುಗಿಯುವುದಿಲ್ಲ, ಪ್ರತಿ ಒಗೆತದಲ್ಲೂ ನಡೆಯುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಅಂದಾಜು ಮಾಡಿದಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿನಲ್ಲಿ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದು. ಅವು ಕೊಳೆಯುವುದಿಲ್ಲ. ನಮ್ಮ ಒಗೆತದ ನೀರು ಕೂಡಿಕೊಳ್ಳುವ ಹೇಮಾವತಿ ಹೋಗಿ ಸೇರುವುದು ಕೃಷ್ಣರಾಜಸಾಗರದ ಹಿನ್ನೀರನ್ನು. ಅಲ್ಲಿಂದ ಮುಂದೆ ಅದೇ ಕಾವೇರಿ ನೀರು ಬೆಂಗಳೂರಿನ ನಲ್ಲಿಗಳಿಗೆ. ಅಲ್ಲಿ ಕೆಲಸಕ್ಕೆ ಹೋದ ನಮ್ಮೂರಿನ ಹುಡುಗರು ಊರಿನ ನಂಟು ಬಿಟ್ಟಿಲ್ಲ ಎಂದು ಇನ್ನೊಂದು ರೀತಿಯಲ್ಲಿಯೂ ಹೇಳಬಹುದು.

ಹಾಸನದ ಗೊರೂರು ರಸ್ತೆಯ ವಿಶೇಷ ಆರ್ಥಿಕ ವಲಯದಲ್ಲಿ ಹಿಮತ್‌ಸಿಂಗ್‌ಕಾ ಕಂಪನಿಯ ಗಿರಣಿಯಿದೆ. 2 ಲಕ್ಷಕ್ಕೂ ಹೆಚ್ಚು ಕದಿರುಗಳು ಹತ್ತಿ ನೂಲುತ್ತವೆ. ಅಲ್ಲೇ ನೇಯ್ದ ಹಾಸುಬಟ್ಟೆ, ಟವೆಲು ಹೆಚ್ಚಾಗಿ ಅಮೆರಿಕದ ಕಡೆಗೆ ಹಡಗು ಹತ್ತುತ್ತವೆ. ಪಾಳಿ ಮುಗಿದು ಬಸ್ಸಿನಿಂದ ಇಳಿಯುವ ಹೆಣ್ಣುಮಕ್ಕಳನ್ನು ಒಂದು ಸಂಜೆ ನೋಡುತ್ತ ನಿಂತಿದ್ದೆ. ಬಹುತೇಕ ಎಲ್ಲರದೂ ಪಾಲಿಯೆಸ್ಟರ್ ಚೂಡಿದಾರ. ದಿನವಿಡೀ ಹತ್ತಿಯ ನಡುವೆ ಇದ್ದು ಸಂಜೆ ಪ್ಲಾಸ್ಟಿಕ್ ತೊಟ್ಟು ಮನೆಗೆ. ಅವರನ್ನು ಕೇಳಿದರೆ ಉತ್ತರ ಸರಳ: ರಾತ್ರಿ ಒಗೆದರೆ ಬೆಳಿಗ್ಗೆ ಪಾಳಿಗೆ ಒಣಗಿರಬೇಕಲ್ಲ ಅಣ್ಣಾ.

ನಾನು ಮಾತ್ರ ಅದೇ ಹಾಸನದಲ್ಲಿ ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್" ಎಂದು ಕೊಟ್ಟ ಹಾಸುಬಟ್ಟೆ ತಂದು ಮೋಸ ಹೋದೆ. ನಾಲ್ಕು ರಾತ್ರಿ ಬೆನ್ನು ಬೆವರಿದ ಮೇಲೆ ಅನುಮಾನ ಬಂತು. ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಗಿ ನಿಂತಿತು. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯಬೇಕಿತ್ತು. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ನೆನಪಿಡಿ: ಹಾಸು, ಹೊಕ್ಕು ಎರಡರಿಂದಲೂ ಬೇರೆ ಬೇರೆ ಎಳೆ ತೆಗೆದು ನೋಡಬೇಕು. ಹಾಸು ಒಂದು ನಾರು, ಹೊಕ್ಕು ಇನ್ನೊಂದು ಎಂಬ ಜೋಡಣೆ ಸೆಮಿ ಸಿಲ್ಕ್, ಆರ್ಟ್ ಸಿಲ್ಕ್ ಸೀರೆಗಳಲ್ಲಿ ಸಾಮಾನ್ಯ. ರೇಯಾನ್ ಕೂಡ ಹತ್ತಿಯ ಹಾಗೆಯೇ ಉರಿಯುವುದರಿಂದ ಕಡ್ಡಿಗೆ ಅದರ ಗುಟ್ಟು ಸಿಕ್ಕುವುದಿಲ್ಲ. ಅಂಗಡಿಯಲ್ಲಿ ಹೀಗೆ ಕಡ್ಡಿ ಗೀರಲು ಬಿಡುವುದಿಲ್ಲವಾದ್ದರಿಂದ ಥಾನಿನ ಅಂಚು ನೋಡಿ. ಪ್ಯಾಂಟು ಶರ್ಟಿನ ಬಟ್ಟೆಯಲ್ಲಿ 67:33, 65:35 ಎಂಬ ಅಂಕಿ ಮುದ್ರಿಸಿರುವುದುಂಟು. ಸಾಮಾನ್ಯವಾಗಿ ದೊಡ್ಡ ಅಂಕಿ ಪಾಲಿಯೆಸ್ಟರಿನದು.

ಬೆಂಕಿಯ ಮಾತು ಬಂದಿದ್ದರಿಂದ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಅಡುಗೆಮನೆಯಲ್ಲಿ ನೈಲಾನ್, ಪಾಲಿಯೆಸ್ಟರ್ ಬೇಡ. ಹತ್ತಿಗೂ ಬೆಂಕಿ ಹತ್ತುತ್ತದೆ, ಬೇಗನೇ ಹತ್ತುತ್ತದೆ. ಜೋತಾಡುವ ಸೆರಗು ಯಾವುದಾದರೂ ಅಪಾಯವೇ. ಆದರೆ ಹತ್ತಿ ಕರಗುವುದಿಲ್ಲ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಕಿತ್ತರೆ ಚರ್ಮದ ಸಮೇತ ಬರುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಉರಿಯ ಮುಂದೆ ರಾತ್ರಿ ಕೂರುವವರು ಹಳೇ ಪಟ್ಟಾಪಟ್ಟಿ ಚಡ್ಡಿ, ನೂಲಿನ ಟವಲ್ಲು ಬಿಡುವುದಿಲ್ಲ. ಅವರಿಗೆ ಯಾರೂ ಪಾಠ ಹೇಳಿಕೊಟ್ಟದ್ದಲ್ಲ.

ಶಾಲೆಯ ಸಮವಸ್ತ್ರದ ವಿಷಯದಲ್ಲಿ ನಾನು ಇನ್ನೂ ಎರಡು ಮನಸ್ಸಿನಲ್ಲಿದ್ದೇನೆ. ಮೂರು ಮಕ್ಕಳ ಸಮವಸ್ತ್ರವನ್ನು ವಾರಕ್ಕೆ ಎರಡು ಸಲ ಒಗೆಯುವ ತಾಯಿಗೆ ಬೆರಕೆ ಬಟ್ಟೆಯೇ ಸರಿ, ಹರಿಯುವುದಿಲ್ಲ, ತಮ್ಮನಿಗೂ ಬರುತ್ತದೆ. ಆದರೆ ಆ ಬೆರಕೆಯಲ್ಲಿ ಹತ್ತಿಯ ಪಾಲು ವರ್ಷದಿಂದ ವರ್ಷಕ್ಕೆ ತೆಳುವಾಗಿ, ಕೆಲವು ಶಾಲೆಗಳಲ್ಲಿ ಶೇಕಡಾ ನೂರು ಪಾಲಿಯೆಸ್ಟರ್ ಆಗಿದೆ. ಮೇಲೆ ಟೈ, ಕಾಲಿಗೆ ನೈಲಾನ್ ಸಾಕ್ಸು. ಮಾರ್ಚಿನ ಮಧ್ಯಾಹ್ನ ಚನ್ನರಾಯಪಟ್ಟಣದ ಶೀಟಿನ ಛಾವಣಿಯ ಕೆಳಗೆ ಆ ಮಗು ಕೂತಿರುವುದನ್ನು ಸಮವಸ್ತ್ರ ಗೊತ್ತು ಮಾಡುವವರು ಒಮ್ಮೆ ಕೂತು ನೋಡಬೇಕು, ಅದೇ ಬಟ್ಟೆ ತೊಟ್ಟು.

ಬಾವುಟದಂಥ ಬಾವುಟವೂ ಈ ಆಯ್ಕೆಯಿಂದ ತಪ್ಪಿಸಿಕೊಳ್ಳಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರಿನ, ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯವರು ಪ್ರತಿಭಟಿಸಿದರು. ಬಾವುಟಕ್ಕೆ ಬೆವರು ಬರುವುದಿಲ್ಲ, ಪಾಲಿಯೆಸ್ಟರು ಮಳೆಗಾಳಿಗೆ ಹೆಚ್ಚು ಬಾಳುತ್ತದೆ ಎಂಬುದು ಸರಿಯಾದ ಲೆಕ್ಕವೇ. ಆದರೂ ನನ್ನ ಮತ ಬೆಂಗೇರಿಗೆ. ಎಲ್ಲ ಬಟ್ಟೆಯನ್ನೂ ಬಾಳಿಕೆಯಿಂದಲೇ ಅಳೆಯಲಾಗುವುದಿಲ್ಲ.

ಚನ್ನರಾಯಪಟ್ಟಣದಿಂದ ಆಗ್ನೇಯಕ್ಕೆ ಹೋದರೆ ಮೇಲುಕೋಟೆ. ಅಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆ ನಡೆಸಿಕೊಂಡು ಬಂದಿದೆ. ಅಲ್ಲಿಂದ ತಂದ ಜುಬ್ಬಾವನ್ನು ನಾನೇ ಒಗೆಯುತ್ತೇನೆ. ಮೊದಲ ಆರು ಒಗೆತ ಗೋಣಿಯಂತಿತ್ತು, ಈಗ ಮೆತ್ತಗಾಗಿದೆ. ಖಾದಿಗೆ ತಾಳ್ಮೆ ಬೇಕು. ಹಿಂಡಬಾರದು, ನೀರು ಸೋರಲು ಬಿಟ್ಟು ಹ್ಯಾಂಗರಿಗೆ ಹಾಕಬೇಕು, ಇಸ್ತ್ರಿಯ ಚಿಂತೆ ಬಿಡಬೇಕು. ಸುಕ್ಕನ್ನು ಒಪ್ಪಿಕೊಂಡರೆ ಹತ್ತಿಯ ಅರ್ಧ ಕಷ್ಟ ಹೋಗುತ್ತದೆ. ನಮ್ಮ ನೋಟ ಪರರಿಚ್ಛೆಯದಾದ್ದರಿಂದ ಅಷ್ಟು ಸುಲಭವಲ್ಲ, ಗೊತ್ತು.

ನನ್ನ ಮನೆಯ ತೀರ್ಪು ಹೇಳಿಬಿಡುತ್ತೇನೆ. ಚರ್ಮಕ್ಕೆ ತಾಗುವುದೆಲ್ಲ ಹತ್ತಿ: ಬನಿಯನ್ನು, ಒಳಉಡುಪು, ಮಲಗುವ ಬಟ್ಟೆ, ಹಾಸು, ಹಸುಗೂಸಿನದು, ಅಡುಗೆಮನೆಯದು. ಮಳೆಯನ್ನು, ಕೆಸರನ್ನು, ಪ್ರಯಾಣವನ್ನು ಎದುರಿಸುವ ಹೊರಪದರಕ್ಕೆ ಸಿಂಥೆಟಿಕ್ ಇರಲಿ, ನಾಚಿಕೆ ಬೇಡ. ಆಷಾಢದ ಪ್ಯಾಂಟಿಗೆ ಬೆರಕೆ, ಚೈತ್ರದ ಶರ್ಟಿಗೆ ಹತ್ತಿ. ಸ್ವೆಟರು ಒಂದೇ ಸಾಕು, ಉಣ್ಣೆಯದಿರಲಿ. ಇರುವ ಪಾಲಿಯೆಸ್ಟರನ್ನು ಬಿಸಾಡಬೇಡಿ. ಅದು ಎಲ್ಲಿಗೂ ಹೋಗುವುದಿಲ್ಲ, ತೊಟ್ಟು ಸವೆಸುವುದೇ ಮೇಲು.

ಮುಂದಿನ ಸಲ ಬಟ್ಟೆ ತರಲು ಹೋಗುವಾಗ ನಿಮ್ಮ ಮನೆಯಲ್ಲಿ ಒಗೆಯುವವರು ಯಾರೋ ಅವರನ್ನೂ ಕರೆದುಕೊಂಡು ಹೋಗಿ. ಅಂಗಡಿಯವನು ಕನ್ನಡಿಯ ಮುಂದೆ ಹೊದಿಸಿ ತೋರಿಸುವ ಬಣ್ಣವನ್ನು ಅವರು ನೋಡುವುದಿಲ್ಲ. ಒಳಮಗ್ಗುಲು ತಿರುವಿ, ಎರಡು ಬೆರಳ ನಡುವೆ ಹೊಸಕಿ ನೋಡುತ್ತಾರೆ.